ಬೇಯದ ಕಾಳು

ಟೊಮೇಟೊ ಮೊದಲೇ ಹಾಕುವುದೋ, ಕೊನೆಗೋ? ತಮ್ಮ ಹೇಗೆ ಹಾಕುತ್ತಿದ್ದ? ಮಗಳು ಅಷ್ಟೆಲ್ಲ ಬಣ್ಣಿಸಿದ್ದಳಲ್ಲ, ಇದೊಂದನ್ನು ಹೇಳಲಿಲ್ಲವೋ, ಅಥವಾ ಹೇಳುವಾಗ ತಾನೇ ಕಿವಿಗೆ ಹಾಕಿಕೊಳ್ಳಲಿಲ್ಲವೋ? ಕೇಳಿದ್ದರೆ ಗೊತ್ತಾಗುತ್ತಿತ್ತು. ಫೋನು ಉಪ್ಪಿನ ಡಬ್ಬಿಯ ಪಕ್ಕದಲ್ಲೇ ಇತ್ತು. ಆದರೆ ತಮ್ಮನನ್ನು ಕೇಳುವುದೆಂದರೆ, ನಿನಗೆ ಬರುವುದು ನನಗೆ ಬರುವುದಿಲ್ಲ ಎಂದು ಬೆಳಗ್ಗೆ ಬೆಳಗ್ಗೆಯೇ ಒಪ್ಪಿಕೊಂಡ ಹಾಗೆ. ಅವನು ಹೆಚ್ಚಿದ್ದನ್ನೆಲ್ಲ ಒಟ್ಟಿಗೇ ಪಾತ್ರೆಗೆ ಸುರಿದ. ಮಸೂರ ಕಾಳು, ಕೋಳಿಯ ತೊಡೆ ತುಂಡುಗಳು, ಈರುಳ್ಳಿ, ಕ್ಯಾರೆಟ್, ಬೆಳ್ಳುಳ್ಳಿ, ಜಜ್ಜಿದ ಕಾಳುಮೆಣಸು, ಮೇಲೆ ಟೊಮೇಟೊ. ನೀರು ಹಾಕಿ ಗಾಜಿನ ಮುಚ್ಚಳ ಮುಚ್ಚಿದ.

ಸಣ್ಣ ಕಾವಿನಲ್ಲಿ ದಿನವಿಡೀ ಬೇಯಿಸುವ ಆ ಕರೆಂಟಿನ ಸ್ಲೋ ಕುಕ್ಕರು ಹೊಸದು. ಅಂಗಡಿಯಲ್ಲಿ ತಮ್ಮನ ಮನೆಯಲ್ಲಿರುವಂಥದ್ದೇ ಇತ್ತು; ಅವನು ಅದಕ್ಕಿಂತ ಒಂದು ಅಳತೆ ದೊಡ್ಡದನ್ನು ಆರಿಸಿದ್ದ. ಎಲ್ಲವನ್ನೂ ಹಾಕಿ, ಮುಚ್ಚಿ, ನಿಮ್ಮ ಪಾಡಿಗೆ ನೀವು ಹೊರಟುಹೋಗಿ, ಸಂಜೆ ಊಟ ಸಿದ್ಧ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು.

ತನ್ನ ಪಾಡಿಗೆ ತಾನು ಹೊರಟುಹೋಗುವುದು ಅವನಿಗೆ ಗೊತ್ತಿರದ ವಿದ್ಯೆ. ಲಿಫ್ಟ್ ರಿಪೇರಿ ಅವನ ಕೆಲಸ. ಬ್ರೇಕು ಸರಿಮಾಡಿದ ಮೇಲೆ ಮೇಲಿನ ಮಹಡಿಯಿಂದ ಕೆಳಗಿನವರೆಗೆ ಓಡಿಸಿ, ಬಾಗಿಲಿಗೆ ಕಿವಿಯಿಟ್ಟು ಕೇಳಿ, ಮತ್ತೆ ಓಡಿಸುತ್ತಿದ್ದ. ಜೊತೆಯ ಮೆಕ್ಯಾನಿಕ್‌ಗಳು ಅವನಿಗೆ ಇಟ್ಟಿದ್ದ ಹೆಸರು ‘ಇನ್ನೊಂದ್ಸಲ’. "ಇನ್ನೊಂದ್ಸಲ ಬಂದ್ರು, ಇವತ್ತು ಮನೆಗೆ ಹೋದ ಹಾಗೇ" ಎಂದು ಅವನಿಗೆ ಕೇಳಿಸುವಂತೆಯೇ ನಗುತ್ತಿದ್ದರು.

ಆ ದಿನ ಭಾನುವಾರ. ಹೆಂಡತಿ ಔಷಧಿ ಅಂಗಡಿಯ ಕೌಂಟರಿನ ಕೆಲಸಕ್ಕೆ ಹೋಗಿದ್ದಳು. ಸಂಜೆ ಊಟಕ್ಕೆ ತಮ್ಮ ಮತ್ತು ಅವನ ಹೆಂಡತಿ ಬರುವವರಿದ್ದರು. ಊಟ ಬರೀ ನೆಪ. ಮಗಳಿಗೆ ತಮ್ಮನ ಊರಿನ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಅವಳು ಓದುವುದು ಅಲ್ಲೇ ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಇರುವುದು ಹಾಸ್ಟೆಲಿನಲ್ಲೋ ಚಿಕ್ಕಪ್ಪನ ಮನೆಯಲ್ಲೋ ಎಂಬುದನ್ನು ಇಂದು ತೀರ್ಮಾನಿಸಬೇಕಿತ್ತು. ತೀರ್ಮಾನಿಸುವುದಾದರೂ ಏನಿತ್ತು? ಮಕ್ಕಳಿಲ್ಲದ ಮನೆ, ಖಾಲಿ ಕೋಣೆ, ಕಾಲೇಜಿಗೆ ನಡೆದು ಹೋಗುವಷ್ಟು ದೂರ. ಎಲ್ಲರೂ ಆಗಲೇ ಮನಸ್ಸಿನಲ್ಲಿ ಹೂಂ ಅಂದುಬಿಟ್ಟಿದ್ದರು. ಅವನೊಬ್ಬ ಅಂದಿರಲಿಲ್ಲ.

ರಜೆಯಲ್ಲಿ ಅವಳು ಅಲ್ಲಿಗೆ ಹೋಗಿ ಬಂದಾಗಿನಿಂದ ಅವನಿಗೆ ಮನೆಯಲ್ಲಿ ಕೂತರೆ ನಿಂತರೆ ಚಿಕ್ಕಪ್ಪನ ಮಾತೇ ಕೇಳುತ್ತಿತ್ತು. ತಮ್ಮ ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವನು. ಅವಳಿಗೂ ಕಾರು ಕಲಿಸಿದ್ದ. "ಚಿಕ್ಕಪ್ಪ ಪಕ್ಕದಲ್ಲಿ ಸುಮ್ನೆ ಕೂತಿರ್ತಾನಮ್ಮ. ಗಾಡಿ ಆಫ್ ಆದ್ರೂ ಮಾತಾಡಲ್ಲ. ನಾನೇ ಮತ್ತೆ ಸ್ಟಾರ್ಟ್ ಮಾಡೋವರೆಗೂ ಕಿಟಕಿ ಆಚೆ ನೋಡ್ತಿರ್ತಾನೆ." ಮತ್ತೆ ಈ ಕೋಳಿ, ಕಾಳು. "ಏನೂ ಕಷ್ಟ ಇಲ್ವಂತೆ. ಬೆಳಗ್ಗೆ ಹಾಕಿಟ್ಟು ಹೋಗ್ತಾನೆ, ಬಂದು ಬಡಿಸ್ತಾನೆ. ನಾನು ಎರಡೆರಡು ಸಲ ಹಾಕಿಸ್ಕೊಂಡೆ." ಅವಳು ತಮ್ಮನಿಗೆ ನೀನು ಅನ್ನುತ್ತಿದ್ದಳು. ಅಪ್ಪನಿಗೆ ನೀವು. ಚಿಕ್ಕಂದಿನಿಂದಲೂ ಹಾಗೇ, ಯಾರೂ ಹೇಳಿಕೊಟ್ಟದ್ದಲ್ಲ. ಮರ್ಯಾದೆಯೆಂದೇ ಅವನು ಇಷ್ಟು ವರ್ಷ ತಿಳಿದಿದ್ದ.

ಪಾತ್ರೆಯ ಗಾಜಿಗೆ ಹಬೆ ಕಟ್ಟಿ ಒಳಗಿನದು ಕಾಣದಾಯಿತು. ಅವನು ಮುಚ್ಚಳ ಎತ್ತಿ ನೋಡಿದ. ಇನ್ನೂ ಬೆಚ್ಚಗಾಗುತ್ತಿತ್ತಷ್ಟೆ. ಮುಚ್ಚಿದ. ಬಟ್ಟೆ ಒಣಹಾಕಿ ಬಂದು ಮತ್ತೆ ಎತ್ತಿದ. ಸೌಟಿನಲ್ಲಿ ತಿರುವಿದ. ಅಂಚಿಗೆ ಬಂದಿದ್ದ ಸಣ್ಣ ಗುಳ್ಳೆಗಳು ಅಡಗಿದವು.

ಮಗಳ ಕೋಣೆಯಿಂದ ನಗು ಕೇಳಿಸುತ್ತಿತ್ತು. ಫೋನಿನಲ್ಲಿ ಯಾರೊಂದಿಗೋ. ಬಿದ್ದು ಬಿದ್ದು ನಗುತ್ತಿದ್ದಳು. ಅವನು ಬಾಗಿಲ ಬಳಿ ಹೋಗಿ ನಿಂತ. ನಗು ನಿಂತಿತು.

"ಯಾರು?"

"ಚಿಕ್ಕಪ್ಪ."

"ಏನಂತೆ?"

"ಏನಿಲ್ಲ."

ಅಷ್ಟು ಹೊತ್ತಿನ ನಗು ಅವನ ಕಿವಿಗೆ ಬರುವಷ್ಟರಲ್ಲಿ ‘ಏನಿಲ್ಲ’ ಆಗಿತ್ತು. ಅವನು ಇನ್ನೂ ಸ್ವಲ್ಪ ನಿಂತ. ಅವಳು ಫೋನು ಕಿವಿಯಿಂದ ತೆಗೆದು ಕಾದಳು, ಅವನು ಹೋಗಲಿ ಎಂದು. ಅವನು ಅಡುಗೆಮನೆಗೆ ಬಂದು ಮುಚ್ಚಳ ಎತ್ತಿದ.

ಮಧ್ಯಾಹ್ನ ಕಳೆಯಿತು. ಬೆಂದಿದೆಯೇ, ತಳ ಹಿಡಿದಿದೆಯೇ, ನೀರು ಸಾಕೇ ಎಂದು ಅವನು ಎಷ್ಟು ಸಲ ತೆಗೆದು ನೋಡಿದನೋ. ಪ್ರತಿ ಸಲವೂ ಬಿಸಿಯೆಲ್ಲ ಮುಖಕ್ಕೆ ಹೊಡೆದು ಹೊರಗೆ ಹೋಗುತ್ತಿತ್ತು. ಪ್ರತಿ ಸಲವೂ ಇನ್ನೂ ಆಗಿಲ್ಲ ಎಂದುಕೊಳ್ಳುತ್ತಿದ್ದ.

ಸಂಜೆ ಹೆಂಡತಿ ಬರುವುದಕ್ಕೂ ತಮ್ಮನ ಕಾರು ನಿಲ್ಲುವುದಕ್ಕೂ ಸರಿಹೋಯಿತು. ತಮ್ಮ ಚಪ್ಪಲಿ ಬಿಡುತ್ತಲೇ ಮೂಗೆತ್ತಿದ.

"ಅಣ್ಣಾ, ಬೀದಿವರೆಗೂ ಘಮ ಅಂತಿದೆ. ಪಕ್ಕದ ಮನೆಯವರು ತಟ್ಟೆ ಹಿಡ್ಕೊಂಡು ಬರ್ತಾರೆ ನೋಡು."

"ಭಾವ ಅಡುಗೆಮನೆಗೆ ಬಂದ್ರಾ? ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು!" ಎಂದಳು ತಮ್ಮನ ಹೆಂಡತಿ.

"ಹುಟ್ಟಿದ ಕಡೆಯಿಂದ ಮುಳುಗೋವರೆಗೂ ಆ ಪಾತ್ರೆ ಮುಂದೇನೇ ನಿಂತಿರ್ತಾರೆ. ಅದೇನು ಲಿಫ್ಟಾ, ಬಿದ್ದು ಹೋಗೋಕೆ?" ಹೆಂಡತಿ ಚೀಲ ಇಳಿಸುತ್ತ ನಕ್ಕಳು.

ಎಲ್ಲರೂ ನಕ್ಕರು. ಮಗಳು ಚಿಕ್ಕಪ್ಪನ ತೋಳಿಗೆ ಜೋತುಬಿದ್ದು ನಕ್ಕಳು. ಅವನು ತಟ್ಟೆಗಳನ್ನು ಹಾಕಿದ.

ಬಡಿಸುವ ಮೊದಲು ತಮ್ಮ ಸೌಟಿನ ತುದಿಯಲ್ಲಿ ನಾಲ್ಕು ಕಾಳು ತೆಗೆದು ಬಾಯಿಗೆ ಹಾಕಿಕೊಂಡ. ಕಟಕ್ ಎಂದ ಸದ್ದು ಅಣ್ಣನಿಗೂ ಕೇಳಿಸಿತು. ಕೋಳಿಯೇನೋ ಬೆಂದಿತ್ತು, ಕಾಳು ಮಾತ್ರ ಸಣ್ಣ ಕಲ್ಲಿನಂತೆ ಹಾಗೇ ಇತ್ತು. ತಮ್ಮ ಪಾತ್ರೆಯೊಳಗೆ ಬಗ್ಗಿ ನೋಡಿದ. ಟೊಮೇಟೊ ಸಿಪ್ಪೆಗಳು ತಳದವರೆಗೂ ಇಳಿದಿದ್ದವು. ಅವನಿಗೆ ಗೊತ್ತಾಯಿತು. ಗೊತ್ತಾದದ್ದು ಅಣ್ಣನಿಗೂ ಗೊತ್ತಾಯಿತು. ಹುಳಿ ಮೊದಲೇ ಬಿದ್ದರೆ ಕಾಳು ಬೇಯಲು ಹಟ ಮಾಡುತ್ತದೆ ಎಂದು ತಮ್ಮ ಆಗ ಹೇಳಬಹುದಿತ್ತು.

"ಹಳೇ ಕಾಳು ಕೊಟ್ಟಿದಾನೆ, ಅತ್ತಿಗೆ, ಅಂಗಡಿಯೋನು" ಎಂದು ಹೊರಗೆ ಕೇಳಿಸುವಂತೆ ಕೂಗಿದ. "ಕುಕ್ಕರ್ ಎಲ್ಲಿದೆ? ಒಂದೆರಡು ವಿಷಲ್ ಹಾಕಿಸಿದ್ರೆ ದಾರಿಗೆ ಬರುತ್ತೆ."

ತೋಳು ಮಡಚಿ, ಕೋಳಿಯ ತುಂಡುಗಳನ್ನು ಬೇರೆ ತೆಗೆದಿಟ್ಟು, ಕಾಳನ್ನೂ ರಸವನ್ನೂ ಕುಕ್ಕರಿಗೆ ಬಗ್ಗಿಸಿ, ಚಿಟಿಕೆ ಸೋಡ ಹಾಕಿದ. ಸೋಡದ ಡಬ್ಬಿ ಎಲ್ಲಿದೆಯೆಂದು ಅಣ್ಣನನ್ನು ಕೇಳಲೂ ಇಲ್ಲ. ತಾನೇ ಹುಡುಕಿಕೊಂಡ. ತನ್ನದೇ ಅಡುಗೆಮನೆಯಲ್ಲಿ ಅಣ್ಣ ಫ್ರಿಜ್ಜಿಗೆ ಒರಗಿ, ಯಾರದೋ ಮನೆಗೆ ಬಂದವನಂತೆ ನಿಂತಿದ್ದ. ಬೈದಿದ್ದರೆ ಚೆನ್ನಾಗಿತ್ತು. ಎಲ್ಲರೆದುರು, ಏನಣ್ಣ ಹೀಗೆ ಮಾಡಿದೀಯ ಅಂದಿದ್ದರೆ ತಾನೂ ಎರಡು ಮಾತು ಆಡಬಹುದಿತ್ತು. ಈ ಒಳ್ಳೆಯತನಕ್ಕೆ ಏನು ಹೇಳುವುದು?

ಊಟಕ್ಕೆ ಕೂತರು. ಕಾಳು ಹದವಾಗಿ ಬೆಂದು ರಸ ಮಂದವಾಗಿತ್ತು. ಮಗಳು ಮೊದಲ ತುತ್ತಿಗೇ ಕಣ್ಣರಳಿಸಿದಳು.

"ಅದೇ ರುಚಿ! ಚಿಕ್ಕಪ್ಪ ಕೈ ಹಾಕಿದ್ರೆ ಸಾಕು ನೋಡಿ."

"ಏ, ನಿಮ್ಮಪ್ಪ ಬೆಳಗ್ಗಿಂದ ನಿಂತು ಮಾಡಿದ್ದು. ನಾನು ವಿಷಲ್ ಹಾಕಿಸಿದ್ದಷ್ಟೇ" ಎಂದ ತಮ್ಮ.

"ಪಾಪ, ಅಪ್ಪಂದೂ ಚೆನ್ನಾಗಿದೆ" ಎಂದಳು ಅವಳು.

ಆ ‘ಪಾಪ’ ಒಂದೇ ಅವನಿಗೆ ಕೇಳಿಸಿತು. ನೀರು ಕುಡಿದ.

ಸ್ವಲ್ಪ ಹೊತ್ತಿಗೆ ನೀರಿನ ಜಗ್ಗು ತುಂಬಿಸಲು ಅವಳು ಎದ್ದಳು. ಅವನೂ ಎದ್ದು ಹಿಂದೆಯೇ ಹೋದ. ನಲ್ಲಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ, ತಗ್ಗಿದ ದನಿಯಲ್ಲಿ ಹೇಳಿದ.

"ಚಿಕ್ಕಮ್ಮಂಗೆ ಬೆನ್ನು ನೋವು ಜಾಸ್ತಿ ಆಗಿದೆ, ಗೊತ್ತಾ?"

"ಹೌದಾ? ನಂಗೇನೂ ಹೇಳ್ಲಿಲ್ವಲ್ಲ."

"ಹೇಳಲ್ಲ ಅವರು. ನೀನಿದ್ದಾಗ ಎರಡು ಹೊತ್ತು ಅಡುಗೆ, ನಿನ್ನ ಬಟ್ಟೆ, ಅದು ಇದು. ನೀನು ವಾಪಸ್ ಬಂದ ಮೇಲೆ ಮಲಗಿಬಿಟ್ಟಿದ್ರಂತೆ. ಬಾ ಬಾ ಅಂತ ಬಾಯಲ್ಲಿ ಅಂತಾರೆ. ಕರೆಯದೆ ಇರೋಕಾಗುತ್ತಾ? ನಾವು ಅರ್ಥ ಮಾಡ್ಕೋಬೇಕು."

ಅವನು ಇಷ್ಟೊಂದು ಮಾತನ್ನು ಅವಳೊಂದಿಗೆ ಒಟ್ಟಿಗೆ ಆಡಿ ಎಷ್ಟೋ ದಿನವಾಗಿತ್ತು. ಅವಳು ಅವನ ಮುಖವನ್ನೇ ನೋಡುತ್ತ, ಒಂದೊಂದು ಮಾತನ್ನೂ ನಂಬುತ್ತ ಕೇಳಿದಳು. ಜಗ್ಗು ತುಂಬಿ ನೀರು ಅವಳ ಕೈಮೇಲೆ ಹರಿಯಿತು. ಬೆನ್ನುನೋವಿನ ಮಾತು ಅವನಿಗೆ ಎಲ್ಲಿಂದ ಬಂತೋ ಅವನಿಗೇ ತಿಳಿಯದು. ತಮ್ಮನ ಹೆಂಡತಿ ಆಗ ಹೊರಗೆ ಕುರ್ಚಿಯನ್ನು ಒಂದೇ ಕೈಯಲ್ಲಿ ಎತ್ತಿ ಈಚೆ ಹಾಕಿಕೊಳ್ಳುತ್ತ ನಗುತ್ತಿದ್ದಳು.

ಮಗಳು ಬಂದು ಕೂತಳು. ತಟ್ಟೆಯಲ್ಲಿ ಉಳಿದಿದ್ದನ್ನು ಬೆರಳಲ್ಲಿ ಆಚೆ ಈಚೆ ಸರಿಸಿದಳು. ಆಮೇಲೆ ತಲೆಯೆತ್ತಿ, ಯಾರ ಕಡೆಗೂ ನೋಡದೆ ಹೇಳಿದಳು.

"ನಾನು ಹಾಸ್ಟೆಲಲ್ಲೇ ಇರ್ತೀನಿ."

"ಏನೇ, ಇದ್ದಕ್ಕಿದ್ದ ಹಾಗೆ?" ಎಂದಳು ಅವಳಮ್ಮ.

"ಜೊತೆಗೆ ಓದೋರಿರ್ತಾರಮ್ಮ. ಲೈಬ್ರರಿಗೂ ಹತ್ತಿರ."

"ಮನೆಯಿಂದೇನು ದೂರಾನಾ?" ಚಿಕ್ಕಮ್ಮ ಕೇಳಿದಳು. "ನಮ್ಮನೇಲಿ ಏನು ಕಮ್ಮಿ ಆಯ್ತೇ ನಿನಗೆ?"

"ಏನಿಲ್ಲ ಚಿಕ್ಕಮ್ಮ."

ಆ ‘ಏನಿಲ್ಲ’ ಈಗ ಬೇರೆಯವರ ಪಾಲಿಗೆ ಹೋಗಿತ್ತು. ಅವನೊಳಗೆ ಏನೋ ಸಡಿಲಾಯಿತು, ನಾಚಿಕೆಯಾಗುವಷ್ಟು ಹಿತವಾಗಿತ್ತು. ತಟ್ಟೆಗೆ ಇನ್ನೊಂದು ಸೌಟು ಹಾಕಿಕೊಂಡ. ತಮ್ಮ ಮಾತ್ರ, ಅವಳು ಮತ್ತೆ ಮಾತಾಡಬಹುದೆಂದು ಕಾಯುತ್ತ ಕಿಟಕಿಯ ಕಡೆ ನೋಡುತ್ತ ಕೂತ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಹೊರಡುವಾಗ ಹೆಂಗಸರು ಒಳಗೆ ಪಾತ್ರೆ ತೆಗೆದಿಡುತ್ತಿದ್ದರು. ಮಗಳು ತನ್ನ ಕೋಣೆಯಲ್ಲಿದ್ದಳು. ಅಣ್ಣತಮ್ಮಂದಿರು ಕಾರಿನ ಬಳಿ ನಿಂತರು. ತಮ್ಮ ಬೀಗದ ಕೈಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತಿದ್ದ.

"ಅವಳ ರೂಮಿಗೆ ಬಣ್ಣ ಹೊಡೆಸಿದೀನಣ್ಣ. ಇವತ್ತು ಹೇಳೋಣ ಅಂತಿದ್ದೆ."

ಅವನು ಹೂಂ ಅಂದ.

"ಬೆಳಗ್ಗೆ ಫೋನಲ್ಲೂ ಅವಳೇ ಕೇಳಿದ್ಲು, ಟೇಬಲ್ ಕಿಟಕಿ ಹತ್ರ ಹಾಕ್ತೀಯಾ ಅಂತ. ಅಪ್ಪ ಭಾನುವಾರ ಬಂದ್ರೆ ಮಲಗೋಕೆ ಜಾಗ ಬೇಕು, ಇನ್ನೊಂದು ಮಂಚ ಹಾಕು, ಅಪ್ಪ ಬಂದೇ ಬರ್ತಾರೆ, ಪ್ರತಿ ವಾರ ಬರ್ತಾರೆ, ಬಂದು ನಿಮ್ಮನೆ ಬೋಲ್ಟೆಲ್ಲ ಬಿಗಿ ಮಾಡ್ತಾರೆ ಅಂತ ಒಂದೇ ಸಮ ನಗ್ತಿದ್ಲು."

ಬೀದಿ ದೀಪ ಒಮ್ಮೆ ಆರಿ ಮತ್ತೆ ಹತ್ತಿತು. ಎದುರುಮನೆಯವನು ಕಸದ ಬುಟ್ಟಿಯನ್ನು ಗೇಟಿನ ಹೊರಗಿಟ್ಟು ಒಳಗೆ ಹೋದ. ಹಾಸ್ಟೆಲಿನಲ್ಲಿ ಅಪ್ಪಂದಿರಿಗೆ ಮಂಚ ಇರುವುದಿಲ್ಲ. ಗೇಟಿನ ಬಳಿ ಒಂದು ಬೆಂಚು ಇರುತ್ತದೆ, ಅಷ್ಟೆ.

"ಊಟದ ಮಧ್ಯೆ ಏನಾಯ್ತು ಅವಳಿಗೆ?" ತಮ್ಮ ಅವನ ಮುಖ ನೋಡಿದ. "ಅಣ್ಣ, ನಿಜ ಹೇಳು. ನಮ್ಮಿಂದ ಏನಾದ್ರೂ ತಪ್ಪಾಯ್ತಾ?"

ಅವನು ಕಾರಿನ ಬಾಗಿಲ ಹಿಡಿಯನ್ನು ಎಳೆದು ನೋಡಿದ. ಸರಿಯಾಗಿಯೇ ಇತ್ತು. ಮತ್ತೊಮ್ಮೆ ಎಳೆದ. ಅಷ್ಟರಲ್ಲಿ ತಮ್ಮನ ಹೆಂಡತಿ ಹೊರಗೆ ಬಂದಳು, ಮಾತು ಬೇರೆಯಾಯಿತು. ಕಾರು ಹೊರಟಿತು.

ನಿಮ್ಮಿಂದ ಏನೂ ತಪ್ಪಾಗಿಲ್ಲ ಎಂದು ಅವನು ಆವತ್ತು ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.