ಸ್ವಂತ ವಾಕ್ಯ

ಮೇಷ್ಟ್ರು ಹಲಗೆಯ ಮೇಲೆ ‘ಕ್ಲ್ಯಾಮ್ ಅಪ್’ ಎಂದು ಬರೆದರು. "ಹೇಳಬೇಕಾದ ಮಾತು ಬಾಯಲ್ಲಿದ್ರೂ ಹೆದರಿ ತುಟಿ ಬಿಗಿದುಕೊಳ್ಳೋದು. ಚಿಪ್ಪಿನೊಳಗಿನ ಹುಳ ಮುಟ್ಟಿದ್ರೆ ಮುಚ್ಕೊಳ್ಳುತ್ತಲ್ಲ, ಹಾಗೆ." ಆಮೇಲೆ ಎಲ್ಲರೂ ಒಂದೊಂದು ಸ್ವಂತ ವಾಕ್ಯ ಬರೆಯಬೇಕೆಂದರು; ಪುಸ್ತಕದ್ದು ಬೇಡ, ನಿಜವಾಗಿ ನಡೆದದ್ದೇ ಆಗಬೇಕು.

ಲಾಂಡ್ರಿಯ ಬಟ್ಟೆ ಮಡಚುವ ಕೋಣೆಯಲ್ಲಿ, ಕೆಲಸ ಮುಗಿದ ಮೇಲೆ ನಡೆಯುವ ಇಂಗ್ಲಿಷ್ ಪಾಠ ಅದು. ಇಸ್ತ್ರಿ ಮಾಡುವ ಅಕ್ಕ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಎಂದಿನಂತೆ ಮೇಷ್ಟ್ರು ಪುಸ್ತಕ ಮನೆಗೆ ಒಯ್ದು ತಿದ್ದಿ ತರುತ್ತಾರೆ ಎಂದುಕೊಂಡು, ಮನಸ್ಸಿನಲ್ಲಿದ್ದದ್ದನ್ನೇ ಇಂಗ್ಲಿಷಿನಲ್ಲಿ ಬರೆದುಬಿಟ್ಟಳು: ಇನ್ಸ್‌ಪೆಕ್ಟರು ತಂತಿಯ ವಿಷಯ ಕೇಳಿದಾಗ ನಾವೆಲ್ಲ ಕ್ಲ್ಯಾಮ್ ಅಪ್ ಆದೆವು.

"ಇವತ್ತು ಒಬ್ಬೊಬ್ಬರೇ ಎದ್ದು ಓದಿ," ಎಂದರು ಮೇಷ್ಟ್ರು.

ಅಕ್ಕ ಬರೆದ ಸಾಲನ್ನು ಅಂಗೈಯಿಂದ ಮುಚ್ಚಿಕೊಂಡಳು. ಮುಂದಿನ ಬೆಂಚಿನಲ್ಲಿ, ಬಡ್ತಿಗೆ ಇಂಗ್ಲಿಷ್ ಬೇಕೆಂದು ಸೇರಿಕೊಂಡಿದ್ದ ಸೂಪರ್‌ವೈಸರ್ ಕೂತಿದ್ದ. ಕೆಲಸ ಬೇಗ ಸಾಗಲಿ ಎಂದು ಹಬೆಯಲ್ಲಿ ಇಸ್ತ್ರಿ ಮಾಡುವ ಸ್ಟೀಮ್ ಪ್ರೆಸ್ಸಿನೊಳಗೆ ಕೈ ಸಿಕ್ಕದಂತೆ ತಡೆಯುವ ಸರಳನ್ನು ತಂತಿಯಲ್ಲಿ ಎತ್ತಿ ಕಟ್ಟಿಸಿದವನು ಅವನೇ. ಆ ಪ್ರೆಸ್ಸಿಗೆ ಗುಬ್ಬಚ್ಚಿಯ ಬಲಗೈ ಸಿಕ್ಕಿ ಬೆಂದಿತ್ತು. ಗುಬ್ಬಚ್ಚಿ ಎಂದು ಕರೆಯುತ್ತಿದ್ದದ್ದು ಲಾಂಡ್ರಿಯ ಕೆಲಸದವರಲ್ಲಿ ಎಲ್ಲರಿಗಿಂತ ಚಿಕ್ಕ ಹುಡುಗಿಯನ್ನು. ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರು ಬರುವಷ್ಟರಲ್ಲಿ ತಂತಿ ಮಾಯ; ಸರಳಿನ ಮೇಲೆ ಉಳಿದಿದ್ದ ತಂತಿಯ ಗುರುತು ನೋಡಿ ಅವರು ಕೇಳಿದ್ದರು. ಈಗ ಈ ಕೋಣೆಯಲ್ಲಿ ಪಾಠ ಕಲಿಯುತ್ತಿರುವ ಎಂಟು ಹೆಂಗಸರಲ್ಲಿ ಒಬ್ಬಳೂ ಅಂದು ತುಟಿ ಪಿಟಕ್ಕೆನ್ನಲಿಲ್ಲ. ತಪ್ಪು ಹುಡುಗಿಯದೇ ಎಂಬ ವರದಿಗೆ ನಾಳೆ ಬೆಳಿಗ್ಗೆ ಇನ್ಸ್‌ಪೆಕ್ಟರು ಬಂದು ಸಹಿ ಹಾಕುತ್ತಾರೆ. ಅದರ ಹಿಂದೆಯೇ ಅವಳ ಕೆಲಸಕ್ಕೆ ಕತ್ತರಿ.

ಒಬ್ಬಳು ಗಂಡನ ಮೇಲೆ ವಾಕ್ಯ ಓದಿದಳು, ಇನ್ನೊಬ್ಬಳು ಅತ್ತೆಯ ಮೇಲೆ. ಅತ್ತೆ ಬಾಯಿ ಮುಚ್ಚಿದ್ದು ಯಾವ ಯುಗದಲ್ಲೋ ಎಂದು ಎಲ್ಲರೂ ನಕ್ಕರು. ಅಕ್ಕನಿಗೆ ನಗು ಬರಲಿಲ್ಲ. ಹಾಳೆ ಹರಿದರೆ ಸದ್ದಾಗುತ್ತದೆ. ಮಗು, ಬೆಕ್ಕು, ಪಕ್ಕದ ಮನೆಯವರು, ಏನನ್ನಾದರೂ ಹೊಸೆಯೋಣವೆಂದರೆ ತಲೆ ಖಾಲಿ.

"ಈಗ ನೀನಮ್ಮ," ಎಂದರು ಮೇಷ್ಟ್ರು.

ಎದ್ದಳು. ಬಾಯಿ ತೆರೆದಳು. ಸ್ವರ ಹೊರಡಲಿಲ್ಲ.

"ನೋಡಿ, ಇದೇ ಕ್ಲ್ಯಾಮ್ ಅಪ್," ಎಂದು ಮೇಷ್ಟ್ರು ತಮಾಷೆ ಮಾಡಿದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಸೂಪರ್‌ವೈಸರ್. ಆ ನಗು ಕೇಳಿ ಅಕ್ಕನಿಗೆ ಮೈಯೆಲ್ಲ ಉರಿಯಿತು. ಓದಿಯೇಬಿಟ್ಟಳು.

ನಗು ನಿಂತಿತು. "ಯಾವ ತಂತಿ?" ಎಂದರು ಏನೂ ಅರಿಯದ ಮೇಷ್ಟ್ರು.

"ನಾನೇನೂ ಕಟ್ಟಿಸಿಲ್ಲ," ಎಂದ ಸೂಪರ್‌ವೈಸರ್. ತಂತಿ ಕಟ್ಟಿದ ವಿಷಯವನ್ನು ಇನ್ನೂ ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಎಲ್ಲ ಕಡೆ ಇರುತ್ತಾರೆ.

ಮೇಷ್ಟ್ರು ಕನ್ನಡಕ ತೆಗೆದರು. "ನಾವೆಲ್ಲ ಅಂತ ಬರ್ದಿದೀಯ. ಯಾರ್ಯಾರಮ್ಮ?"

ಅಕ್ಕ ಅತ್ತಿತ್ತ ನೋಡಿದಳು. ಏಳು ತಲೆಗಳೂ ಪುಸ್ತಕದ ಮೇಲೆ ಬಾಗಿದ್ದವು.

"ಸದ್ಯಕ್ಕೆ ನಾನೊಬ್ಬಳು ಅಂತ್ಲೇ ಇಟ್ಕೊಳ್ಳಿ ಮೇಷ್ಟ್ರೇ," ಎಂದಳು. ಮುಂದೆ ಬಂದು ಪುಸ್ತಕವನ್ನು ಅವರ ಕೈಗೆ ಕೊಟ್ಟಳು. "ನಾಳೆ ಇನ್ಸ್‌ಪೆಕ್ಟರ ಮುಂದೆಯೂ ಇದನ್ನೇ ಓದ್ತೀನಿ. ಇಂಗ್ಲಿಷ್ ಸರಿ ಇದೆಯಾ, ಅಷ್ಟು ನೋಡಿ ಕೊಡಿ."