ಸಾಬಣ್ಣನ ಮೋಟಾರು ಕೆಡಿಸಿದವರು ಯಾರು

ಹೆಂಗಸಿನ ಕೈ ತಾಗಿದ್ದಕ್ಕೇ ಸಾಬಣ್ಣನ ಕಾರಿನ ಮೋಟಾರು ಕೆಟ್ಟಿತು ಅಂತ ಶಹಾಪುರದ ಮಂದಿ ಮೂರು ತಿಂಗಳು ಆಡಿಕೊಂಡರು. ನಾನು ತಲೆ ಬಗ್ಗಿಸಿ ಕೆಲಸ ಮಾಡಿದೆ. ತಪ್ಪು ಮಾಡಿದವಳು ಅಂತಲ್ಲ, ತಂತಿ ಸುತ್ತುವಾಗ ತಲೆ ಬಗ್ಗಿಸಲೇಬೇಕು.

ನಾನು ಮೋನಮ್ಮ. ಅಬ್ದುಲ್ ಕರೀಮ ಉಸ್ತಾದರ ಅಂಗಡಿಯಲ್ಲಿ ಹನ್ನೆರಡು ವರ್ಷದಿಂದ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುತ್ತೇನೆ. ನಾರಾಯಣಪುರದ ಕಾಲುವೆ ಬಂದ ಮೇಲೆ ಈ ಕಡೆ ಪಂಪ್‌ಸೆಟ್ಟಿಗೆ ಬರವಿಲ್ಲ, ಹಾಗಾಗಿ ನಮಗೂ ಕೆಲಸಕ್ಕೆ ಬರವಿಲ್ಲ. ರಾಡಿ ಹೊಕ್ಕು, ಬೇರಿಂಗ್ ತುಕ್ಕು ಹಿಡಿದು ಶಾಫ್ಟಿಗೆ ಕಚ್ಚಿಕೊಂಡರೆ ಉಸ್ತಾದರದು ಒಂದೇ ಮದ್ದು. ಹಿತ್ತಲಲ್ಲಿ ಹತ್ತಿಕಟ್ಟಿಗೆ ಒಟ್ಟಿ, ಬೆಂಕಿ ಹಚ್ಚಿ, ಒಳಗೆ ತಿರುಗುವ ರೋಟರನ್ನೇ ಅದರಲ್ಲಿ ಇಡುವುದು. ಕಾದ ಬೇರಿಂಗ್ ಎರಡೇಟಿಗೆ ಕಳಚಿ ಬೀಳುತ್ತದೆ.

ಹಿಂದೊಮ್ಮೆ ಹಳೇ ಕಾಲದ ಎಲೆಕ್ಟ್ರಿಕ್ ಕಾರಿನ ಮೋಟಾರನ್ನೂ ಹೀಗೇ ಬಿಚ್ಚಿ ಉಸ್ತಾದರು ಸೈ ಅನ್ನಿಸಿಕೊಂಡಿದ್ದರು. ಅದೇ ಧೈರ್ಯದಲ್ಲಿ ಸಾಬಣ್ಣನ ಹೊಸ ಎಲೆಕ್ಟ್ರಿಕ್ ಕಾರಿನದನ್ನೂ ಬೆಂಕಿಗಿಟ್ಟರು. ತಿರುಗಿ ಜೋಡಿಸಿದ್ದು ನಾನು. ಕಾರು ವನದುರ್ಗದ ಏರಿನಲ್ಲಿ ದಮ್ಮು ಕಳೆದುಕೊಂಡು ನಿಂತಿತು. ಉಸ್ತಾದರು ಬಾಯಿ ಬಿಡಲಿಲ್ಲ, ಸಾಬಣ್ಣ ಬಾಯಿ ಮುಚ್ಚಲಿಲ್ಲ. ಅಂದಿನಿಂದ ನಾನು ಕಾರಿನ ಮೋಟಾರು ಮುಟ್ಟುವ ಹಾಗಿಲ್ಲ ಅಂತಾಯಿತು.

ಮೊನ್ನೆ ದೇವಾಪುರದ ತಾಯಪ್ಪ ಮಾಸ್ತರರು ತಮ್ಮ ಕಾರಿನ ಮೋಟಾರು ಇಳಿಸಿಕೊಂಡು ಬಂದರು. ತುಂಬಿದ ಹಳ್ಳಕ್ಕೆ ಕಾರು ಇಳಿಸಿ ಬೇರಿಂಗ್ ಹಾಳು ಮಾಡಿಕೊಂಡಿದ್ದರು. ಬುದ್ಧಿ ಹೇಳಲು ಸಾಬಣ್ಣನೂ ಜೊತೆಗೆ ಬಂದಿದ್ದ.

“ಆಕಿ ಕೈಗೆ ಕೊಡಬ್ಯಾಡ್ರಿ ಮಾಸ್ತರ. ನಂದು ಹಾಳ ಮಾಡ್ಯಾಳ.”

ಉಸ್ತಾದರು ಅವನ ಮುಖ ನೋಡದೆ, “ಮೋನಮ್ಮ, ಹತ್ತಿಕಟ್ಟಿಗಿ ಒಟ್ಟು” ಅಂದರು.

ನಾನು ಏಳಲಿಲ್ಲ.

“ಇದನ್ನ ಬೆಂಕಿಗೆ ಇಡಂಗಿಲ್ರಿ ಉಸ್ತಾದ.”

“ನಿನಗ ತಂತಿ ಹಿಡಿಯೋದು ಕಲಿಸಿದಾಂವ ಯಾರು?”

“ನೀವ ಕಲಿಸೀರಿ. ಮೊದಲ ಕೈ ಹಚ್ಚಿ ನೋಡ್ರಿ, ಆಮ್ಯಾಲ ಬೈರಿ.”

ಮಾಸ್ತರರ ಮೋಟಾರಿನ ಮೂರು ವೈರು ಬಿಡಿಬಿಡಿಯಾಗಿಟ್ಟೆ. ಉಸ್ತಾದರು ಶಾಫ್ಟ್ ತಿರುಗಿಸಿದರು. ಗರಗರ ಅಂದರೂ ತಿರುಗಿತು. ಆಮೇಲೆ ಮೂರೂ ವೈರಿನ ತುದಿ ಸೇರಿಸಿ ಹೊಸೆದೆ. ಈಗ ಕೆಸರಲ್ಲಿ ಹೂತ ಗಾಲಿಯ ಹಾಗೆ ಬಿಗಿಯಿತು. ಉಸ್ತಾದರ ಹುಬ್ಬು ಮೇಲೇರಿತು. ಪಕ್ಕದಲ್ಲಿದ್ದ ಪಂಪಿನ ಮೋಟಾರಿಗೂ ಹಾಗೇ ಮಾಡಿಸಿದೆ. ವೈರು ಸೇರಿಸಿದರೂ ಬಿಟ್ಟರೂ ಅದು ಒಂದೇ ಸಮ ಹಗುರ.

“ಪಂಪಿನ ರೋಟರನ್ಯಾಗ ಆಯಸ್ಕಾಂತ ಇಲ್ರಿ. ಕರೆಂಟ್ ಕೊಟ್ಟಾಗಷ್ಟ ಅದಕ್ಕ ಜೀವ ಬರ್ತೈತಿ. ಆ ಹಳೇ ಕಾರಿಂದೂ ಅದ ಜಾತಿ, ಅದಕ್ಕ ಬೆಂಕಿ ತಡೀತು. ಮಾಸ್ತರದ್ರಾಗ ಆಯಸ್ಕಾಂತ ಕೂಡಿಸ್ಯಾರ, ವೈರು ಸೇರಿಸಿದಾಗ ಬಿಗಿ ಹಿಡಿದದ್ದು ಅದ. ಹಂಗಾಗಿ ಮೋಟಾರ್ ಸಣ್ಣದು, ಬ್ಯಾಟರಿನೂ ಕಮ್ಮಿ ತಿಂತೈತಿ. ಖರೆ, ಬೆಂಕಿಗಿಟ್ರ ಆಯಸ್ಕಾಂತ ಸಾಯ್ತೈತಿ.”

“ಇದೆಲ್ಲಾ ಯಾರು ಹೇಳ್ಯಾರ ನಿನಗ?” ಸಾಬಣ್ಣ ನಕ್ಕ.

“ನಿನ್ನ ಮೋಟಾರ್ ಹೇಳೈತಿ.”

ಕಾರು ಏರಿನಲ್ಲಿ ನಿಂತ ಮೇಲೆ ಇಳಿಸಿ ತಂದು ಅವನು ಬಿಟ್ಟುಹೋಗಿದ್ದ ಮೋಟಾರು ಮೂಲೆಯಲ್ಲೇ ಬಿದ್ದಿತ್ತು. ದಿನಾ ಮಧ್ಯಾಹ್ನ ರೊಟ್ಟಿ ತಿಂದ ಮೇಲೆ ಅದನ್ನು ಬಿಚ್ಚುವುದು, ನೋಡುವುದು, ಜೋಡಿಸುವುದು. ನನ್ನ ಹೆಸರು ಕೆಡಿಸಿದ ಮೋಟಾರನ್ನು ನಾನು ಸುಮ್ಮನೆ ಬಿಡುತ್ತೇನೆಯೇ? ಎಳೆದು ತಂದು ಸಾಬಣ್ಣನ ಮುಂದಿಟ್ಟು ಮೂರು ವೈರು ಹೊಸೆದೆ.

“ನಿಂದೂ ಮಾಸ್ತರದೂ ಒಂದ ಕಾರು, ಒಂದ ಮೋಟಾರು. ತಿರುಗಿಸು.”

ಅವನು ಬಲ ಹಾಕಿ ತಿರುಗಿಸಿದ. ಶಾಫ್ಟ್ ಸರ್ರನೆ ಸುತ್ತಿತು. ಮಾಸ್ತರರದನ್ನೊಮ್ಮೆ ತಿರುಗಿಸಿ ನೋಡಿದ, ಮತ್ತೆ ತನ್ನದಕ್ಕೆ ಬಂದ. ನಗು ಹೋಗಿತ್ತು.

“ಹಗೂರ ಐತಲ್ಲ.”

“ಆಯಸ್ಕಾಂತ ಸತ್ತೈತಿ. ಕೈ ತಾಗಿದ್ರ ಸಾಯಂಗಿಲ್ಲ ಅದು. ಹೆಂಗಸಿನ ಕೈ ಇರಲಿ, ಗಂಡಸಿನ ಕೈ ಇರಲಿ.”

ಉಸ್ತಾದರ ಕಡೆ ತಿರುಗಿದೆ. ಇವರು ಹೊರಗೆ ಹಾಕಿದರೆ ಮೋಟಾರು ಕೆಡಿಸಿದವಳು ಅಂತ ಸುರಪುರದಿಂದ ಯಾದಗಿರಿಯವರೆಗೆ ಒಬ್ಬರೂ ನನ್ನನ್ನು ಒಳಗೆ ಕರೆಯುವುದಿಲ್ಲ ಅಂತ ಗೊತ್ತಿತ್ತು. ಆದರೂ ಕೇಳಿದೆ.

“ಅವತ್ತು ಇದನ್ನ ಬೆಂಕಿಗಿಟ್ಟಾವ್ರು ಯಾರ್ರಿ ಉಸ್ತಾದ?”

ಉಸ್ತಾದರು ಬಗ್ಗಿ ಆ ಮೋಟಾರಿನ ಶಾಫ್ಟನ್ನು ತಾವೇ ಒಮ್ಮೆ ತಿರುಗಿಸಿದರು. ಆಮೇಲೆ ಮೆಲ್ಲಗೆ, “ನಾನ, ಬೇಟಿ” ಅಂದರು.

“ನನಗ ಗೊತ್ತೈತ್ರಿ. ನನಗ ಹೇಳಬ್ಯಾಡ್ರಿ, ಅಂವಗ ಹೇಳ್ರಿ.”

ಉಸ್ತಾದರು ಟೋಪಿ ಸರಿಮಾಡಿಕೊಂಡು ಸಾಬಣ್ಣನ ಕಡೆ ತಿರುಗಿದರು.

“ನಿನ್ನ ಮೋಟಾರ್ ಕೆಡಿಸಿದಾಂವ ನಾನು. ಈಕಿ ಅಲ್ಲ.”

ನಾನು ಬೇರಿಂಗ್ ಎಳೆಯುವ ಪುಲ್ಲರ್ ತೆಗೆದುಕೊಂಡು ಮಾಸ್ತರರ ಮೋಟಾರಿನ ಮುಂದೆ ಕೂತೆ. ಯಾರೂ ಬೇಡ ಅನ್ನಲಿಲ್ಲ. ಸಾಬಣ್ಣ ಸದ್ದಿಲ್ಲದೆ ಚಪ್ಪಲಿ ಮೆಟ್ಟುತ್ತಿದ್ದ.

“ಎಲ್ಲಿಗಿ ಹೊಂಟಿ? ಕೂಡು” ಅಂದೆ. “ಮುಗಿಯೂತನಕ ನೋಡು. ಮೂರು ತಿಂಗಳು ಊರ ತುಂಬ ಹೇಳಿದಿ, ಇದನ್ನೂ ಹೇಳಬೇಕಲ್ಲ.”