ಅರವತ್ತು ಡಬ್ಬಿಗಳ ಮೇಲಿನ ಅಜ್ಜಿ

ಮೊದಲ ಡಬ್ಬಿ ನೋಡಿದ ಹೇರಿನ್ ಅದನ್ನು ತಟ್ಟನೆ ಕೆಳಗಿಟ್ಟಳು. ಎರಡನೆಯದನ್ನು ನೋಡಿದಳು, ಹತ್ತನೆಯದನ್ನು ನೋಡಿದಳು. ಅಕ್ಕಿ ಕಡುಬಿನ ಅರವತ್ತು ಡಬ್ಬಿಗಳ ಮೇಲೂ ರೂಪಾಯಿ ನಾಣ್ಯದಗಲದ ಅಂಟುಚಿತ್ರ, ಅದರಲ್ಲಿ ಅಜ್ಜಿಯ ಬೂದುಬಣ್ಣದ ಮುಖ, ಸುತ್ತ ಕಪ್ಪು ಅಂಚು. ಗುನ್ಸಾನ್ ಊರಿನಲ್ಲಿ ಇಂಥ ಪಟ ಇಡುವುದು ಒಂದೇ ಕಡೆ, ಸತ್ತವರ ಮುಂದೆ, ಬಿಳಿ ಸೇವಂತಿಗೆಗಳ ನಡುವೆ.

ಇಂದು ಅಜ್ಜಿ ಮಲ್ಸುನ್‌ಗೆ ಎಂಬತ್ತು ತುಂಬಿತ್ತು, ಅದಕ್ಕೆಂದೇ ಬಾಡಿಗೆಗೆ ಹಿಡಿದ ಈ ಛತ್ರದಲ್ಲಿ ಔತಣ. ಆಸ್ಪತ್ರೆಯಿಂದ ಮನೆಗೆ ಬಂದು ಇಪ್ಪತ್ತು ದಿನವೂ ಆಗಿರಲಿಲ್ಲ. ನಾಲ್ಕು ಸಾವಿನ ಸಂಖ್ಯೆಯೆಂದು ಅಲ್ಲಿ ನಾಲ್ಕನೇ ಹಾಸಿಗೆಯಲ್ಲಿ ಮಲಗಲು ಒಲ್ಲೆನೆಂದು ರಂಪ ಮಾಡಿದ್ದ ಜೀವ ಅದು. ಈ ಪಟ ಕಂಡರೆ ಆ ಎದೆ ತಡೆದೀತೇ?

ಫೋನಿನ ಸಂದೇಶಗಳಲ್ಲಿ ಕಳಿಸುವ ಪುಟ್ಟ ಚಿತ್ರಗಳನ್ನು ಮಾಡುವುದೇ ಹೇರಿನ್‌ಳ ಕಸುಬು. ಉಗುರಿನಷ್ಟು ಚಿತ್ರಕ್ಕೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಎಂಟು ಪದರ ಹಾಕುವವಳು. ಅಜ್ಜಿಯ ಫೋಟೋವನ್ನು ಮೊದಲು ಬೂದು ಮಾಡಿ, ಅದರ ಮೇಲೆ ಕೆನ್ನೆಗೊಂದು ಪದರ, ತುಟಿಗೊಂದು, ಕಪ್ಪು ಅಂಚಿನ ಮೇಲೆ ಬಂಗಾರದ್ದೊಂದು ಹಾಸಿದ್ದಳು. ಕೊನೆಗೆ ಬಣ್ಣದ ಪದರಗಳನ್ನೆಲ್ಲ ಮರೆಮಾಡಿ ನೆರಳು ಬೆಳಕು ಸರಿಯಿದೆಯೇ ಎಂದು ನೋಡುವುದು ಅವಳ ರೂಢಿ. ನಿನ್ನೆಯೂ ನೋಡಿದಳು, ತನಗೆ ತಾನೇ ಭೇಷ್ ಅಂದುಕೊಂಡಳು, ಹಾಗೆಯೇ ಅಚ್ಚಿಗೆ ಕಳಿಸಿಬಿಟ್ಟಳು. ಮರೆಮಾಡಿದ ಬಣ್ಣದ ಪದರಗಳನ್ನು ಮತ್ತೆ ತೆರೆಯಲೇ ಇಲ್ಲ. ಅತಿಬುದ್ಧಿವಂತರು ಬೀಳುವುದೇ ಇಂಥ ಗುಂಡಿಗೆ.

"ನಿನ್ ಕೈ ಸೇದೋಗ! ಬದುಕಿರೋರಿಗೇ ತಿಥಿ ಮಾಡಿಟ್ಟಿದ್ದೀಯಲ್ಲೇ!" ಸೋದರತ್ತೆ ಕ್ಯೊಂಗ್ಜಾ ಹಲ್ಲು ಕಚ್ಚಿ ಪಿಸುಗುಟ್ಟಿದಳು.

"ಕಿತ್ತುಬಿಡ್ಲಾ ಅತ್ತೆ?"

ಕೀಳಲು ಹೋದರೆ ಡಬ್ಬಿಯ ಕಾಗದವೇ ಹರಿದು ಬಂತು.

"ಬಚ್ಚಿಟ್ಟುಬಿಡೋಣ ಅತ್ತೆ."

"ಅಮ್ಮನ ಎಂಬತ್ತಕ್ಕೆ ಬಂದೋರನ್ನ ಕಡುಬು ಕೊಡದೆ ಬರಿಗೈಲಿ ಕಳಿಸೋದಾ? ಅದಕ್ಕಿಂತ ನಾನು ಬಾವಿಗೆ ಬೀಳ್ತೀನಿ."

ನೆಂಟರು ಬರಲು ಇನ್ನು ಅರ್ಧ ಗಂಟೆ. ಹೇರಿನ್‌ಳ ಕಣ್ಣು ಅತ್ತೆಯ ಕೆಂಪು ತುಟಿಗಳ ಮೇಲೆ ನಿಂತಿತು.

"ಅತ್ತೆ, ನಿಮ್ಮ ಲಿಪ್‌ಸ್ಟಿಕ್ ಕೊಡಿ. ಉಗುರುಬಣ್ಣ ಇದ್ರೆ ಅದನ್ನೂ ಕೊಡಿ."

ಕಡ್ಡಿಯ ತುದಿಯಿಂದ ತುಟಿಗೆ ಒಂದು ಚುಕ್ಕೆ. ಕಿರುಬೆರಳಿನಿಂದ ಕೆನ್ನೆಗೆ ತೆಳುವಾಗಿ ಒಂದು ಸವರು. ಕಪ್ಪು ಅಂಚಿನ ಮೇಲೆ ಕೆಂಪು ಉಗುರುಬಣ್ಣ. ಬೂದಿಯೊಳಗಿಂದ ಅಜ್ಜಿ ಎದ್ದು ಬಂದಳು. ಅತ್ತೆ ಬೈಯುವುದನ್ನು ನಿಲ್ಲಿಸಿ ಅಂಚು ಬಳಿಯಲು ಕೂತಳು. ಇಪ್ಪತ್ತಾಯಿತು, ಮೂವತ್ತಾಯಿತು. ಒಂದು ಚಿತ್ರದಲ್ಲಿ ತುಟಿ ಮೂಗಿಗೇರಿತು, ಹೇರಿನ್ ಒರೆಸಿ ಮತ್ತೆ ಹಚ್ಚಿದಳು.

ನಲವತ್ತೊಂದನೆಯದು ಕೈಯಲ್ಲಿದ್ದಾಗ ಊರುಗೋಲಿನ ಸದ್ದು ಕೇಳಿಸಿತು. ಅಜ್ಜಿ ಹೇಳಿದ್ದಕ್ಕಿಂತ ಮೊದಲೇ ಬಂದುಬಿಟ್ಟಿದ್ದಳು. ಅತ್ತೆ ಅಡ್ಡ ನಿಲ್ಲುವಷ್ಟರಲ್ಲಿ ಇನ್ನೂ ಬಣ್ಣ ಹಚ್ಚದ ಡಬ್ಬಿಯೊಂದನ್ನು ಎತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದಳು. ಕನ್ನಡಕ ಮನೆಯಲ್ಲೇ ಉಳಿದಿತ್ತು.

"ಪಾಪ, ಯಾರೇ ಹೋದದ್ದು?"

ಪಕ್ಕದ ಮನೆಯ ಯಾರೋ ಎಂದು ಹೇಳಿಬಿಟ್ಟರೆ ಮುಗಿಯುತ್ತಿತ್ತು. ಮಾತು ಹೇರಿನ್‌ಳ ನಾಲಿಗೆಯ ತುದಿಗೂ ಬಂದಿತ್ತು. ಆದರೆ ತನ್ನನ್ನು ಎತ್ತಿ ಆಡಿಸಿದ ಅಜ್ಜಿಯ ಮುಖವನ್ನು ಇನ್ನೊಬ್ಬರದೆನ್ನಲು ಅವಳಿಗೆ ಬಾಯಿ ಬರಲಿಲ್ಲ.

"ಅಜ್ಜಿ, ಅದು ನೀವೇ. ಬಣ್ಣ ತೆರೆಯೋಕೆ ಮರೆತುಬಿಟ್ಟೆ. ತಪ್ಪಾಯ್ತು." ಹೇಳುತ್ತಲೇ ಹೇರಿನ್ ಅಳತೊಡಗಿದಳು.

ಮಲ್ಸುನ್ ಆ ಪಟವನ್ನು ಮತ್ತೆ ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಮೊಮ್ಮಗಳ ಪಕ್ಕದಲ್ಲಿ ಕೂತಳು. ಅವಳ ಕೈಯಿಂದ ಲಿಪ್‌ಸ್ಟಿಕ್ ತೆಗೆದುಕೊಂಡು, ಕನ್ನಡಿಯಿಲ್ಲದೆಯೇ ಮೊದಲು ತನ್ನ ತುಟಿಗೆ ಹಚ್ಚಿಕೊಂಡಳು.

"ಅಳೋದು ಆಮೇಲೆ ಅಳುವಿಯಂತೆ. ನಾನಿನ್ನೂ ಇದ್ದೀನಲ್ಲ," ಎಂದು ಡಬ್ಬಿಯನ್ನು ಅವಳ ಮುಂದಿಟ್ಟಳು. "ಇನ್ನೆಷ್ಟು ಉಳಿದಿವೆ? ಬೇಗ ಹಚ್ಚು, ನೆಂಟರು ಬರ್ತಾರೆ."